ಸೇತುವೆಯಲ್ಲಿ ನಿಂತ ಏಳು ಕಾರು

ಕಾರು ಕಲಿಸುವವರು ಮೊದಲ ದಿನ ಏನು ಹೇಳಿಕೊಡುತ್ತಾರೆ? ಕ್ಲಚ್ಚು, ಗೇರು, ಬಹಳವೆಂದರೆ ಕನ್ನಡಿ ಸರಿಮಾಡಿಕೊಳ್ಳುವುದು. ಬ್ರೇಕತ್ತೆಯ ಶಾಲೆಯಲ್ಲಿ ಹಾಗಲ್ಲ. ಅಲ್ಲಿ ಮೊದಲ ದಿನ ಕಾರು ಒಂದಿಂಚೂ ಕದಲುವುದಿಲ್ಲ. ಮನೆಯೆದುರು ನಿಂತ ಕಾರಿನಲ್ಲಿ ಕಲಿಯಲು ಬಂದವರನ್ನು ಕೂರಿಸಿ, ತಾನು ಹೊರಗೆ ನಿಂತು, ಹಳೆಯ ಕೊಡೆಯನ್ನು ಲಾಠಿಯಂತೆ ಹಿಡಿದು, ಬ್ರೇಕತ್ತೆ ಗಾಜಿನ ಮೇಲೆ ಟಕಟಕ ಕುಟ್ಟುತ್ತಾಳೆ. ಅವಳ ಹುಬ್ಬು ಆಗ ಗಂಟಿಕ್ಕುವ ಪರಿ ನೋಡಿದರೆ ನಿಜವಾದ ಪೊಲೀಸರೂ ಎರಡು ಹೆಜ್ಜೆ ಹಿಂದೆ ಸರಿಯಬೇಕು.

"ಎಂಜಿನ್ ಆಫ್. ಗಾಜು ಪೂರ್ತಿ ಕೆಳಗೆ. ಎರಡು ಕೈಯೂ ಸ್ಟೀರಿಂಗ್ ಮೇಲೆ, ಬೆರಳು ಬಿಡಿಸಿ, ಎಣಿಸೋ ಹಾಗೆ ಕಾಣ್ಬೇಕು. ಕೇಳಿದ್ದಕ್ಕಷ್ಟೇ ಉತ್ತರ. ಜೇಬಿಗೆ ಕೈ ಹಾಕೋ ಮುಂಚೆ ಬಾಯಲ್ಲಿ ಹೇಳ್ಬೇಕು. ಏನಂತ?"

"ಸರ್, ಲೈಸೆನ್ಸ್ ತೆಗೆಯೋಕೆ ನನ್ನ ಬಲಗೈ ಜೇಬಿಗೆ ಹೋಗ್ತಿದೆ."

"ಹೋಗ್ತಿದೆ ಅಂದ ತಕ್ಷಣ ಹೋಗಿಬಿಡೋದಲ್ಲ. ಅವರು ಹೂಂ ಅನ್ನೋತನಕ ಕಾಯ್ಬೇಕು. ಇನ್ನೊಂದ್ಸಲ!"

ಹೀಗೆ ಇಪ್ಪತ್ತು ಸಲ. ಎರಡನೆಯ ದಿನವೂ ಅದೇ. ಮೂರನೆಯ ದಿನ ಎಂಜಿನ್ನಿಗೆ ಅಪ್ಪಣೆ.

ಇದು ಹುಚ್ಚಲ್ಲ. ನದಿಯ ಈಚೆಯವರ ಮೈಬಣ್ಣ ಕಪ್ಪು. ಅವರ ಮುತ್ತಜ್ಜಂದಿರು ಬಂದರು ಕಟ್ಟಲೆಂದು ದೂರದಿಂದ ಹಡಗು ಹತ್ತಿ ಬಂದವರು. ಬಂದರು ಕಟ್ಟಿದ್ದಾಯಿತು, ಮೂರು ತಲೆಮಾರು ಉರುಳಿದ್ದೂ ಆಯಿತು, ಸೇತುವೆಯ ಬಾಯಲ್ಲಿ ನಿಲ್ಲುವ ಪೊಲೀಸರ ಕಣ್ಣಿಗೆ ಮಾತ್ರ ಇವರು ಈಗಷ್ಟೇ ಹಡಗಿನಿಂದ ಇಳಿದವರು. ಆಚೆಯವರ ಕಾರು ಬರ್ರನೆ ಹೋಗುತ್ತದೆ. ಈಚೆಯವರದು ಬಂದರೆ ಕೈ ಮೇಲೇಳುತ್ತದೆ. ಯಾರನ್ನು ನಿಲ್ಲಿಸಬೇಕು, ಯಾರನ್ನು ಬಿಡಬೇಕು ಎನ್ನುವುದು ಪೊಲೀಸರ ವಿವೇಚನೆಗೆ ಬಿಟ್ಟದ್ದು ಎಂದು ಕಾನೂನೇ ಹೇಳುತ್ತದಂತೆ. ಆ ವಿವೇಚನೆಗೆ ಅದೇನು ಕಪ್ಪು ಬಣ್ಣದ ಮೇಲೆ ಅಷ್ಟು ಪ್ರೀತಿಯೋ! ಈಚೆಯವರು ಎಲ್ಲಿಗೆ ಹೊರಟರೂ ದಾರಿಗೆ ಹತ್ತು ನಿಮಿಷ, ನಿಲ್ಲುವುದಕ್ಕೆ ಇಪ್ಪತ್ತು ನಿಮಿಷ ಎಂದು ಲೆಕ್ಕ ಹಾಕಿಯೇ ಹೊರಡುತ್ತಾರೆ.

ಬ್ರೇಕತ್ತೆಗೆ ಐವತ್ತೆಂಟು ವರ್ಷ. ಮದುವೆಯಾಗಿಲ್ಲ, ಹಾಗಾಗಿ ಬೀದಿಗೆಲ್ಲ ಅತ್ತೆ. ಕಲಿಸುವ ಕಾರಿನಲ್ಲಿ ಅವಳ ಕಾಲಕೆಳಗೂ ಒಂದು ಬ್ರೇಕು ಇದೆ, ಅದನ್ನು ಅವಳು ಧಾರಾಳವಾಗಿ ತುಳಿಯುತ್ತಾಳೆ, ಅದಕ್ಕೇ ಆ ಹೆಸರು. ಇಪ್ಪತ್ತೆರಡು ವರ್ಷಗಳಲ್ಲಿ ಅವಳ ಒಬ್ಬ ಶಿಷ್ಯನನ್ನೂ ಪೊಲೀಸರು ಕಾರಿನಿಂದ ಎಳೆದು ಹಾಕಿಲ್ಲ, ಒಬ್ಬರ ಮೇಲೂ ಕೈ ಮಾಡಿಲ್ಲ. ಅವಳಿಗೆ ಇದ್ದ ದೊಡ್ಡ ಹೆಮ್ಮೆ ಅದು. ಯಾರಾದರೂ ಹೊಗಳಿದರೆ "ಅಯ್ಯೋ, ನಂದೇನಿದೆ" ಎನ್ನುತ್ತಿದ್ದಳು, ಹೊಗಳದಿದ್ದರೆ ಎರಡು ದಿನ ಮಾತು ಬಿಡುತ್ತಿದ್ದಳು.

ಅಂಥ ಬ್ರೇಕತ್ತೆಯ ಅಣ್ಣ, ಅಂದರೆ ಬೀದಿಯ ದರ್ಜಿ, ತನ್ನ ಮಗಳಿಗೆ ಮದುವೆ ನಿಶ್ಚಯ ಮಾಡಿದ. ಮಗಳನ್ನು ಎಲ್ಲರೂ ಗಿಣಿ ಎಂದೇ ಕರೆಯುವುದು. ಮಾತು ಶುರುಮಾಡಿದರೆ ನಿಲ್ಲಿಸಲು ಅತ್ತೆಯ ಬ್ರೇಕೂ ಸಾಲದು. ವರ ಹಡಗಿನಲ್ಲಿ ಅಡುಗೆಯವನು. ಮದುವೆಯ ಮರುದಿನ ಬೆಳಿಗ್ಗೆ ಹಡಗು ಹತ್ತಿದರೆ ಮತ್ತೆ ದಡ ಕಾಣುವುದು ಎಂಟು ತಿಂಗಳಿಗೆ. ನದಿಯಾಚೆಯ ನೋಂದಣಿ ಕಚೇರಿಯಲ್ಲಿ ಹನ್ನೊಂದೂವರೆಯ ಸಮಯ ಸಿಕ್ಕಿತ್ತು. ಅದು ತಪ್ಪಿದರೆ ಮುಂದಿನದು ಆರು ವಾರಕ್ಕೆ, ಆಗ ವರ ನಡುಗಡಲಲ್ಲಿ ಈರುಳ್ಳಿ ಹೆಚ್ಚುತ್ತಿರುತ್ತಾನೆ.

"ಅತ್ತೆ, ಇವತ್ತು ಮದುವೆ ಆಗ್ಲಿಲ್ಲ ಅಂದ್ರೆ ನಾನೂ ಅದೇ ಹಡಗಲ್ಲಿ ಪಾತ್ರೆ ತೊಳೆಯೋಕೆ ಸೇರ್ಕೋತೀನಿ, ನೋಡ್ಕೊ" ಎಂದು ಗಿಣಿ ಬೆಳಿಗ್ಗೆಯೇ ಎಚ್ಚರಿಕೆ ಕೊಟ್ಟಿದ್ದಳು.

ಹೊರಡುವಾಗ ಅಣ್ಣ ತಂಗಿಗೆ ಜಟಾಪಟಿಯಾಯಿತು. ಒಟ್ಟು ಏಳು ಕಾರು, ಏಳನ್ನೂ ಓಡಿಸುವವರು ಬ್ರೇಕತ್ತೆಯೇ ಅಥವಾ ಅವಳ ಶಿಷ್ಯರೇ. ಒಂದೊಂದು ಕಾರಿನ ನಡುವೆ ಐದೈದು ನಿಮಿಷ ಅಂತರ ಇರಲಿ, ಒಟ್ಟಿಗೆ ಹೋದರೆ ಕಣ್ಣಿಗೆ ಬೀಳುತ್ತೇವೆ ಎಂದು ಅವಳ ವಾದ.

ದರ್ಜಿಯಣ್ಣ ಸೂಜಿ ಚುಚ್ಚಿದವನಂತೆ ಎಗರಾಡಿದ. "ಇದು ಮದುವೆ ದಿಬ್ಬಣನಾ, ಇಲ್ಲಾ ಕಳ್ಳಸಾಗಣೆನಾ? ನನ್ನ ಮಗಳು ಏಳು ಕಾರಲ್ಲಿ ಹೋಗ್ತಾಳೆ. ಒಟ್ಟಿಗೇ ಹೋಗ್ತಾಳೆ. ನೋಡೋರ ಕಣ್ಣು ತಂಪಾಗ್ಲಿ!"

"ಕಣ್ಣು ತಂಪಾಗಲ್ಲ ಅಣ್ಣಾ, ಕೆಂಪಾಗುತ್ತೆ."

"ಆಗ್ಲಿ ಬಿಡು. ಇವತ್ತೊಂದಿನ ನಿನ್ನ ಬ್ರೇಕಿಂದ ಕಾಲು ತೆಗಿ."

ಕೊನೆಗೆ ಅಣ್ಣನೇ ಗೆದ್ದ. ಹತ್ತು ಐವತ್ತಕ್ಕೆ ದಿಬ್ಬಣ ಹೊರಟಿತು. ಮುಂದೆ ಬ್ರೇಕತ್ತೆಯ ಕಾರು, ಅದರ ತಲೆಯ ಮೇಲಿನ "ಕಲಿಯುವವರ ವಾಹನ" ಎಂಬ ಫಲಕಕ್ಕೂ ಹೂವು ಸುತ್ತಿದ್ದರು. ಒಳಗೆ ಗಿಣಿ ಮತ್ತು ಅವಳ ಅಪ್ಪ. ಕೊನೆಯ ಕಾರನ್ನು ಓಡಿಸುತ್ತಿದ್ದವಳು ಬೇಕರಿಯವರ ಮಗಳು. ಲೈಸೆನ್ಸ್ ಸಿಕ್ಕಿ ಹನ್ನೊಂದೇ ದಿನ, ಹಿಂದಿನ ಸೀಟಿನಲ್ಲಿ ಇಬ್ಬರು ಅಜ್ಜಿಯರು, ಅಜ್ಜಿಯರ ತೊಡೆಯ ಮೇಲೆ ಅವಳ ಅಪ್ಪ ರಾತ್ರಿಯೆಲ್ಲ ಕೂತು ಮಾಡಿದ ಕೇಕು. ಗಿಣಿ ಕಿಟಕಿಯಿಂದ ತಲೆ ಹೊರಗೆ ಹಾಕಿ ಬೀದಿಯವರಿಗೆಲ್ಲ ಕೈ ಬೀಸುತ್ತಿದ್ದಳು.

ಸೇತುವೆಯ ಬಾಯಿಗೆ ಬಂದಾಗ ಹನ್ನೊಂದು ಗಂಟೆ. ಚೌಕಿಯ ಮುಂದೆ ಒಬ್ಬ ಹೊಸ ಪೊಲೀಸು ನಿಂತಿದ್ದ, ಇನ್ನೂ ಮಡಿಕೆ ಮುರಿಯದ ಸಮವಸ್ತ್ರ, ಬಿಸಿಲಿಗೆ ಕೆಂಪಾದ ಬಿಳಿ ಮುಖ. ಅವನು ಕೈ ಮೇಲೆತ್ತಿದ.

ಬ್ರೇಕತ್ತೆ ಬದಿಗೆ ಸರಿದು ಕಾರು ನಿಲ್ಲಿಸಿದಳು. ಯೋಚಿಸಿ ಮಾಡಿದ್ದಲ್ಲ, ಕಾಲು ತಾನೇ ಮಾಡಿತು. ಅವಳ ಹಿಂದೆ ಎರಡನೆಯ ಕಾರು ನಿಂತಿತು. ಮೂರನೆಯದು. ನಾಲ್ಕನೆಯದು. ಏಳೂ ಕಾರು ಒಂದರ ಹಿಂದೊಂದು, ನೂಲು ಹಿಡಿದಂತೆ. ಏಳು ಎಂಜಿನ್ ಒಟ್ಟಿಗೆ ಸುಮ್ಮನಾದವು. ಗಾಜುಗಳು ಸರ್ರನೆ ಇಳಿದವು. ಹದಿನಾಲ್ಕು ಕೈಗಳು ಬೆರಳು ಬಿಡಿಸಿಕೊಂಡು ಸ್ಟೀರಿಂಗಿನ ಮೇಲೆ ಬಂದು ಕೂತವು. ಗಿಣಿಯ ಬಾಯಿಗೂ ಬೀಗ ಬಿತ್ತು.

ಹೊಸ ಪೊಲೀಸು ಎತ್ತಿದ ಕೈ ಎತ್ತಿದಂತೆಯೇ ಹಿಡಿದು ನಿಂತಿದ್ದ. ಸಾಲಿನ ಕೊನೆಯವರೆಗೆ ಒಮ್ಮೆ ನೋಡಿದ, ಹಿಂದಿರುಗಿ ಚೌಕಿಯನ್ನು ನೋಡಿದ, ಆಮೇಲೆ ಅಳುಕುತ್ತ ಬ್ರೇಕತ್ತೆಯ ಕಿಟಕಿಯ ಬಳಿ ಬಂದ.

"ಏನಾಯ್ತಮ್ಮ? ಗಾಡಿ ಕೆಟ್ಟೋಯ್ತಾ?"

"ಇಲ್ಲ ಸರ್."

"ಮತ್ತೆ ಯಾಕೆ ನಿಲ್ಲಿಸಿದ್ರಿ?"

"ನೀವು ಕೈ ಎತ್ತಿದ್ರಲ್ಲ ಸರ್."

ಅವನ ಕಿವಿಗಳೂ ಕೆಂಪಾದವು. "ಅಯ್ಯೋ, ಅದು ನಿಲ್ಲಿಸೋಕಲ್ಲಮ್ಮ. ಮದುಮಗಳು ಕೈ ಬೀಸ್ತಿದ್ರು. ನಾನೂ ಬೀಸಿದೆ, ಅಷ್ಟೇ."

ಬ್ರೇಕತ್ತೆಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಹುಟ್ಟಿದಾಗಿನಿಂದ ಆ ಸೇತುವೆಯ ಮೇಲೆ ಯಾವ ಪೊಲೀಸೂ ಅವಳಿಗೆ ಕೈ ಬೀಸಿದ್ದಿಲ್ಲ. ಬೀಸಿದ್ದು ಹೇಗೆ ಕಾಣುತ್ತದೆಂದೇ ಅವಳಿಗೆ ಗೊತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ದರ್ಜಿಯಣ್ಣ ಕಿಸಕ್ಕನೆ ನಕ್ಕ.

ಅಷ್ಟಕ್ಕೇ ಮುಗಿದಿದ್ದರೆ ಒಳ್ಳೆಯ ತಮಾಷೆಯಾಗುತ್ತಿತ್ತು. ಆದರೆ ಚೌಕಿಯ ಬಾಗಿಲಲ್ಲಿ ಹೊಟ್ಟೆ ಕಾಣಿಸಿತು, ಅದರ ಹಿಂದೆ ದೊಡ್ಡ ಸಾಹೇಬರು ಕಾಣಿಸಿದರು. ಇಪ್ಪತ್ತೈದು ವರ್ಷದಿಂದ ಆ ಸೇತುವೆ ಅವರದು. ಏಳು ಕಾರನ್ನೂ ಕಣ್ಣಲ್ಲೇ ಅಳೆದು ಅವರು ಖುಷಿಯಾದರು.

"ಭೇಷ್! ಮೂರನೇ ದಿನಕ್ಕೇ ಏಳು ಗಾಡಿ ಹಿಡಿದ್ಯಲ್ಲೋ. ಸರಿ, ಶುರು ಮಾಡು. ಕಾಗದ, ಡಿಕ್ಕಿ, ಸೀಟಿನ ಕೆಳಗೆ, ಎಲ್ಲಾ ನೋಡು."

"ನಾನು ನಿಲ್ಲಿಸಿಲ್ಲ ಸರ್. ಅವರೇ ನಿಂತ್ರು."

"ಅವರೇ ಯಾಕೋ ನಿಲ್ತಾರೆ? ಏನೋ ಇದೆ, ಅದಕ್ಕೇ ನಿಂತಿದಾರೆ."

ಬ್ರೇಕತ್ತೆ ಲೆಕ್ಕ ಹಾಕಿದಳು. ನಿಲ್ಲದಿದ್ದರೂ ತಪ್ಪು, ನಿಂತರೂ ತಪ್ಪು. ಒಂದೊಂದು ಕಾರಿಗೆ ಹತ್ತು ನಿಮಿಷ ಹಿಡಿದರೂ ಏಳು ಮುಗಿಯುವಾಗ ಹನ್ನೆರಡು ದಾಟುತ್ತದೆ. ಕನ್ನಡಿಯಲ್ಲಿ ಗಿಣಿಯ ಮುಖ ಕಂಡಿತು, ತುಟಿ ಕಚ್ಚಿಕೊಂಡು ಕಣ್ಣೀರು ತಡೆದಿದ್ದಳು.

ನಿಂತ ಗಾಡಿಗಳ ಲೆಕ್ಕ ಬರೆಯುವ ಯಂತ್ರ ಹೊಸಬನ ಕೈಯಲ್ಲಿ ಕುಂಯ್ ಎಂದಿತು. "ಸರ್, ಮೊದಲನೇ ಗಾಡಿ ನಂಬರ್ ತಾನೇ ತಗೊಂಡುಬಿಟ್ಟಿದೆ. ಯಾಕೆ ನಿಲ್ಲಿಸಿದ್ದು ಅಂತ ಕಾರಣ ಕೇಳ್ತಿದೆ."

"ಸಂಶಯ ಅಂತ ಒತ್ತು. ಮೊದಲನೇ ಗುಂಡಿ."

ಆ ಗುಂಡಿಯ ಮೇಲಿನ ಅಕ್ಷರ ಒತ್ತಿ ಒತ್ತಿ ಸವೆದುಹೋಗಿತ್ತು. ಹೊಸಬ ಅದನ್ನೇ ನೋಡುತ್ತ ನಿಂತ. "ಏನು ಸಂಶಯ ಸರ್? ನಂಗೆ ಬರ್ಲಿಲ್ಲ. ನಿಲ್ಲಿಸಿದೋರಿಗೆ ಬಂದ ಕಾರಣಾನೇ ಬರೀಬೇಕು ಅಂತ ನೀವೇ ಹೇಳಿಕೊಟ್ರಲ್ಲ?"

ಸಾಹೇಬರು ಅವನನ್ನು ದುರುಗುಟ್ಟಿ ನೋಡಿ, ತಾವೇ ಎರಡನೆಯ ಕಾರಿನತ್ತ ನಡೆದರು. ಅದನ್ನು ಓಡಿಸುತ್ತಿದ್ದವನು ಶಾಲೆಯ ಮೇಷ್ಟ್ರು. ಸಾಹೇಬರು ಬಗ್ಗಿದ್ದೇ ತಡ, ಅವನು ಪದ್ಯ ಒಪ್ಪಿಸುವವನಂತೆ ಶುರುಮಾಡಿದ. "ಸರ್, ಲೈಸೆನ್ಸ್ ತೆಗೆಯೋಕೆ ನನ್ನ ಬಲಗೈ ಜೇಬಿಗೆ ಹೋಗ್ತಿದೆ." ಹೇಳಿ ಕಾದ. ಸಾಹೇಬರು ಹೂಂ ಎಂದರು. ಮೂರನೆಯದರಲ್ಲಿ ಬಡಗಿ, ನಾಲ್ಕನೆಯದರಲ್ಲಿ ಆಸ್ಪತ್ರೆಯ ದಾದಿ, ಎಲ್ಲರದೂ ಅದೇ ಮಾತು, ಅದೇ ರಾಗ, ಅದೇ ಜಾಗದಲ್ಲಿ ಉಸಿರು. ಐದನೆಯ ಕಾರಿನಲ್ಲಿ ಕೂತಿದ್ದ ಕಿವುಡು ತಾತ ಯಾರೂ ಕೇಳದಿದ್ದರೂ "ನನ್ನ ಕೈ ಎಲ್ಲಿಗೂ ಹೋಗ್ತಿಲ್ಲ ಸರ್" ಎಂದು ಜೋರಾಗಿ ಸಾರಿದ. ಹೊಸಬ ಕೆಮ್ಮಿದಂತೆ ಮಾಡಿ ನಗು ನುಂಗಿದ. ಸಾಹೇಬರ ಮೀಸೆಯೂ ಒಮ್ಮೆ ಅದುರಿತು.

ಬ್ರೇಕತ್ತೆಗೆ ಮಾತ್ರ ನಗು ಬರಲಿಲ್ಲ. ಅವಳು ಕನ್ನಡಿಯಲ್ಲಿ ಕೊನೆಯ ಕಾರನ್ನು ನೋಡುತ್ತಿದ್ದಳು. ಆ ಹುಡುಗಿ ಪಾಠ ಕಲಿತದ್ದು ಮೊನ್ನೆ ಮೊನ್ನೆ. ಅದನ್ನು ನಿಜವಾದ ಪೊಲೀಸರ ಮುಂದೆ ಹೇಳುವುದು ಇದೇ ಮೊದಲು.

ಆಗ ಅವಳು ಇಪ್ಪತ್ತೆರಡು ವರ್ಷ ಯಾರಿಗೂ ಮಾಡಲು ಬಿಡದ ಕೆಲಸ ಮಾಡಿದಳು. ಬಾಗಿಲು ತೆಗೆದು ಕೆಳಗಿಳಿದಳು. ಕಾರಿನಿಂದ ಕಾರಿಗೆ ಪಿಸುಮಾತು ಹರಿಯಿತು: "ಅತ್ತೆ ಇಳಿದ್ರು! ಅತ್ತೆ ಇಳಿದುಬಿಟ್ರು!" ದರ್ಜಿಯಣ್ಣ "ಏಯ್, ಒಳಗೆ ಬಾರೇ" ಎಂದು ಸೆರಗು ಹಿಡಿಯಲು ಹೋಗಿ ಗಾಳಿಯನ್ನು ಹಿಡಿದ. ಎರಡೂ ಅಂಗೈ ಕಾಣುವಂತೆ ಹಿಡಿದುಕೊಂಡೇ ಅವಳು ಸಾಲಿನುದ್ದಕ್ಕೂ ನಡೆದಳು.

ಅವಳು ತಲುಪುವಾಗ ಸಾಹೇಬರು ಕೊನೆಯ ಕಿಟಕಿಯಲ್ಲಿ ಬಗ್ಗಿದ್ದರು. ಬೇಕರಿಯವರ ಮಗಳು ಮುಂದಿನ ಗಾಜನ್ನೇ ನೋಡುತ್ತ ಕೂತಿದ್ದಳು. "ಸರ್," ಎಂದಳು. ಮತ್ತೆ ಶುರುಮಾಡಿದಳು. "ಸರ್, ಲೈಸೆನ್ಸ್ ತೆಗೆಯೋಕೆ ನನ್ನ ಬಲಗೈ ಜೇಬಿಗೆ ಹೋಗ್ತಿದೆ." ಪಾಠ ಒಂದಕ್ಷರ ತಪ್ಪಲಿಲ್ಲ. ಸಾಹೇಬರು ಹೂಂ ಎಂದರು. ಬಲಗೈ ಹೋಗಲಿಲ್ಲ. ಸ್ಟೀರಿಂಗನ್ನು ಕಚ್ಚಿ ಹಿಡಿದಿದ್ದ ಬೆರಳು ಬಿಡಿಸಲು ಆಗದೆ ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

"ಹೆದರ್ಬೇಡಮ್ಮ, ನಾನೇನ್ ಮಾಡ್ದೆ?" ಸಾಹೇಬರು ನಿಜಕ್ಕೂ ತಬ್ಬಿಬ್ಬಾದರು. "ಯಾರು ಹೇಳಿಕೊಟ್ರು ನಿಂಗೆ ಇದನ್ನೆಲ್ಲ?"

"ನಾನು" ಎಂದಳು ಬ್ರೇಕತ್ತೆ.

ಸಾಹೇಬರು ಬೆನ್ನು ನೆಟ್ಟಗೆ ಮಾಡಿ ತಿರುಗಿದರು. "ನೀವು ಗಾಡೀಲಿ ಕೂತ್ಕೋಬೇಕಿತ್ತು."

"ಗೊತ್ತು ಸರ್. ಅದನ್ನೂ ನಾನೇ ಹೇಳಿಕೊಡೋದು. ನನ್ನ ಗುರುತು ಸಿಗ್ತಾ?"

"ಎಲ್ಲೋ ನೋಡಿದ ಹಾಗಿದೆ."

"ಮೂವತ್ತೆಂಟು ಸಲ ನಿಲ್ಲಿಸಿದೀರಿ. ನೀವೊಬ್ಬರೇ."

"ನಂಗೆ ನೆನಪಿಲ್ಲಮ್ಮ."

"ನಂಗಿದೆ. ಒಂದ್ಸಲ ಅಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದೆ. ಒಂದ್ಸಲ ಮಳೇಲಿ ಹೊರಗೆ ನಿಲ್ಲಿಸಿದ್ರಿ. ಒಂದ್ಸಲವೂ ಏನೂ ಸಿಕ್ಕಿಲ್ಲ. ಯಾರು ಹೇಳಿಕೊಟ್ರು ಅಂತ ಕೇಳಿದ್ರಲ್ಲ? ಇವಳಿಗೆ ನಾನು ಹೇಳಿಕೊಟ್ಟೆ. ನಂಗೆ ಹೇಳಿಕೊಟ್ಟೋರು ನೀವು."

ಇದನ್ನು ಅವಳು ಕೂಗಿ ಹೇಳಲಿಲ್ಲ. ಗೇರು ಬದಲಿಸುವುದನ್ನು ವಿವರಿಸುವ ದನಿಯಲ್ಲೇ ಹೇಳಿದಳು. ಆದರೂ ಏಳೂ ಕಾರಿನವರಿಗೆ ಕೇಳಿಸಿತು. ಸಾಹೇಬರು ಟೋಪಿ ತೆಗೆದು ಹಣೆ ಒರೆಸಿಕೊಂಡರು. ಹುಡುಗಿಯ ಕೈಗಳನ್ನು ಇನ್ನೊಮ್ಮೆ ನೋಡಿದರು.

"ಬಿಡೋ ಎಲ್ಲಾನೂ" ಎಂದರು ಹೊಸಬನಿಗೆ.

ಬ್ರೇಕತ್ತೆ ಕಿಟಕಿಯೊಳಗೆ ಕೈ ಹಾಕಿ ಹುಡುಗಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. "ಮುಗೀತು ಮಗಳೇ. ಚೆನ್ನಾಗಿ ಹೇಳ್ದೆ. ಇಷ್ಟು ಚೆನ್ನಾಗಿ ಹೇಳೋ ಹಾಗೆ ನಾನು ಕಲಿಸಬಾರದಿತ್ತು." ಹೀಗೆನ್ನುವಾಗ ಅವಳಿಗೇ ಅಳು ಬಂತು. ತನ್ನ ಹೆಮ್ಮೆಯೆಲ್ಲ ಈ ಪುಟ್ಟ ಕೈಗಳೊಳಗೆ ಹೆದರಿಕೆಯಾಗಿ ಕೂತಿದೆಯಲ್ಲ ಎನಿಸಿತು. ಹಿಂದಿನಿಂದ ಒಬ್ಬ ಅಜ್ಜಿ ಕೇಕಿನ ಮೇಲಿನ ಒಂದು ಸಕ್ಕರೆ ಹೂವನ್ನು ಕಿತ್ತು ಹುಡುಗಿಯ ಬಾಯಿಗಿಟ್ಟಳು. ಹುಡುಗಿ ಅಳುತ್ತಲೇ ನಕ್ಕಳು.

"ಹೋಗಿ, ಹೋಗಿ!" ಎಂದು ಹೊಸಬ ಗಾಳಿಯಲ್ಲಿ ಕೈಯಾಡಿಸಿದ. ಒಂದು ಕಾರೂ ಅಲ್ಲಾಡಲಿಲ್ಲ.

"ಇವರು ಹಾಗೆಲ್ಲ ಹೋಗಲ್ಲ ಸರ್" ಎಂದಳು ಬ್ರೇಕತ್ತೆ ಕಣ್ಣೊರೆಸಿಕೊಂಡು. "ನಿಲ್ಲಿಸಿದೋರೇ ಕಿಟಕಿ ಹತ್ತಿರ ಬಂದು, ಮುಖ ನೋಡಿ, ಹೋಗಬಹುದು ಅನ್ನೋತನಕ ಕೀಲಿ ಮುಟ್ಟಬಾರದು ಅಂತ ಪಾಠ."

ಸರಿ, ಹೊಸಬ ಓಡತೊಡಗಿದ. "ಮೇಷ್ಟ್ರೇ, ಹೋಗಬಹುದು. ಅಕ್ಕಾ, ಹೋಗಬಹುದು. ತಾತಾ, ಹೋ-ಗ-ಬ-ಹು-ದು!" ತಾತ "ಏನಂದೆ?" ಎಂದ. ಇನ್ನೊಮ್ಮೆ ಕೂಗಬೇಕಾಯಿತು. ಬೆವರು ಸುರಿಸುತ್ತ ಅವನು ಸಾಲಿನ ತಲೆಯಲ್ಲಿದ್ದ ಬ್ರೇಕತ್ತೆಯ ಕಾರಿಗೆ ಬಂದಾಗ ಅವಳು ಆಗಲೇ ಒಳಗೆ ಕೂತಿದ್ದಳು, ಹೊತ್ತು ಹನ್ನೊಂದು ಇಪ್ಪತ್ತೆರಡು.

"ಅಮ್ಮಾ, ಈ ಮಿಷನ್ ಇನ್ನೂ ಕಾರಣ ಕೇಳ್ತಾನೇ ಇದೆ."

"ಬರೀರಿ. ಬರೆದು ನಂಗೊಂದು ಚೀಟಿ ಕೊಡಿ."

ಈಚೆಯವರು ಯಾರೂ ಆ ಚೀಟಿ ಕೇಳುವುದಿಲ್ಲ. ಕೇಳಿದರೆ ಕೊಡಬೇಕೆಂಬ ನಿಯಮವಿದೆ, ಆದರೆ ಕೇಳಿದವರನ್ನು ಇನ್ನರ್ಧ ಗಂಟೆ ನಿಲ್ಲಿಸಬಾರದೆಂಬ ನಿಯಮವಿಲ್ಲ. ದರ್ಜಿಯಣ್ಣ ಬಾಯಿ ಬಾಯಿ ಬಡಿದುಕೊಂಡ. "ಚೀಟಿ ತಗೊಂಡು ಉಪ್ಪಿನಕಾಯಿ ಹಾಕ್ತೀಯಾ? ಹೊರಡೇ!"

"ಇರು ಅಣ್ಣಾ. ಮೂವತ್ತೆಂಟು ಸಲ ಸುಮ್ಮನೆ ಹೋಗಿದೀನಿ. ಇವತ್ತು ಓದಿಯೇ ಹೋಗ್ತೀನಿ."

ಹೊಸಬ ಸಾಹೇಬರ ಕಡೆ ನೋಡಿದ. ಸಾಹೇಬರು ನದಿಯನ್ನು ನೋಡುತ್ತಿದ್ದರು. ಅವನು ಗುಂಡಿಗಳನ್ನೆಲ್ಲ ಓದಿದ: ವೇಗ, ದೀಪ, ಬೆಲ್ಟು, ಸಂಶಯ. ಕೊನೆಗೆ ಖಾಲಿ ಜಾಗದಲ್ಲಿ ತಾನೇ ಅಕ್ಷರ ಕೂಡಿಸಿ ಏನೋ ಬರೆದ. ಯಂತ್ರ ಕಿರ್ರೆಂದು ಚೀಟಿ ಹೊರಹಾಕಿತು. ಬ್ರೇಕತ್ತೆ ಓದಿದಳು, ಮಡಿಸಿದಳು, ರವಿಕೆಯೊಳಗೆ ಸೇರಿಸಿದಳು, ಕಾರು ಹೊರಡಿಸಿದಳು. ಅವಳ ಮುಖದಲ್ಲಿ ಅಂಥ ನಗುವನ್ನು ಗಿಣಿ ಹಿಂದೆಂದೂ ಕಂಡಿರಲಿಲ್ಲ.

ಸೇತುವೆಯ ಮೇಲೆ ಹಾರ್ನ್ ಒತ್ತಬಾರದೆಂದು ಬ್ರೇಕತ್ತೆಯ ಕಟ್ಟಪ್ಪಣೆ ಇತ್ತು. ಮೊದಲು ಒತ್ತಿದವಳು ಅವಳೇ. ಹಿಂದಿನ ಆರು ಕಾರೂ ಒಟ್ಟಿಗೆ ಒದರಿದವು, ನದಿಯ ಹಕ್ಕಿಗಳೆಲ್ಲ ಎದ್ದು ಹಾರಿದವು. ಗಿಣಿಯ ಬಾಯಿಯ ಬೀಗವೂ ಕಳಚಿತು, ಅತ್ತೆ ಹೇಳಿದ್ದನ್ನು ಉಪ್ಪುಖಾರ ಹಚ್ಚಿ ಅತ್ತೆಗೇ ಹೇಳತೊಡಗಿದಳು.

ನೋಂದಣಿ ಕಚೇರಿಯ ಮೆಟ್ಟಿಲ ಮೇಲೆ ವರ ಬಾಡಿದ ಮುಖ ಮಾಡಿಕೊಂಡು ನಿಂತಿದ್ದ. ಒಳಗೆ ಹನ್ನೊಂದು ಮೂವತ್ತಾರು. ಗುಮಾಸ್ತೆ ಕನ್ನಡಕದ ಮೇಲಿಂದ ನೋಡಿ, ಎದುರಿನ ದೊಡ್ಡ ಪುಸ್ತಕವನ್ನು ಮುಚ್ಚಿಬಿಟ್ಟಳು.

"ಆರು ನಿಮಿಷ ತಡ. ಸಮಯ ಮುಗೀತು. ಹೊಸದಾಗಿ ಅರ್ಜಿ ಹಾಕಿ."

"ಮೇಡಂ, ಅವರು ನಾಳೆ ಹಡಗು ಹತ್ತಬೇಕು" ಎಂದು ಗಿಣಿ ಮೇಜಿಗೆ ಒರಗಿದಳು. ಹೊಲಿಗೆ ಬಿಟ್ಟರೆ ಮತ್ತೊಂದು ತಿಳಿಯದ ದರ್ಜಿಯಣ್ಣ ಕೈ ಮುಗಿದ.

"ನಾನೇನೂ ಮಾಡೋಕಾಗಲ್ಲ. ತಡಕ್ಕೆ ಸರ್ಕಾರಿ ಕಾಗದ ಏನಾದ್ರೂ ಇದ್ರೆ ಬೇರೆ ಮಾತು."

ಬ್ರೇಕತ್ತೆ ರವಿಕೆಯಿಂದ ಚೀಟಿ ತೆಗೆದು ಮೇಜಿನ ಮೇಲಿಟ್ಟಳು. ಕೈ ಎಲ್ಲಿಗೆ ಹೋಗುತ್ತಿದೆಯೆಂದು ಯಾರಿಗೂ ಹೇಳಲಿಲ್ಲ, ಯಾರ ಹೂಂಗೂ ಕಾಯಲಿಲ್ಲ. ಹೇಳಿಲ್ಲವೆಂಬುದು ಅವಳ ಗಮನಕ್ಕೂ ಬರಲಿಲ್ಲ.

ಗುಮಾಸ್ತೆ ಚೀಟಿಯನ್ನು ಬೆಳಕಿಗೆ ಹಿಡಿದು ಮೊಹರು ನೋಡಿದಳು, ವೇಳೆ ನೋಡಿದಳು, ತೃಪ್ತಿಯಾಗಿ ತಲೆಯಾಡಿಸಿದಳು. ಪುಸ್ತಕ ತೆರೆದು, ತಡದ ವಿವರವೆಂಬ ಕಡೆ ಚೀಟಿಯಲ್ಲಿದ್ದದ್ದನ್ನು ಗಟ್ಟಿಯಾಗಿ ಓದುತ್ತ ಬರೆಯತೊಡಗಿದಳು. "ವಾಹನ ನಿಲ್ಲಿಸಿದ್ದು, ಹನ್ನೊಂದು ಗಂಟೆಗೆ. ಬಿಟ್ಟದ್ದು, ಹನ್ನೊಂದು ಇಪ್ಪತ್ತನಾಲ್ಕಕ್ಕೆ. ನಿಲ್ಲಿಸಿದ ಕಾರಣ..." ಅವಳ ಲೇಖನಿ ನಿಂತಿತು. "ಇದೇನಿದು? ಕಾರಣ ಇಲ್ಲ ಅಂತ ಬರೆದಿದಾರೆ. ಏನೋ ತಪ್ಪಾಗಿರಬೇಕು."

ಬ್ರೇಕತ್ತೆ ಮೇಜಿನ ಮೇಲೆ ಬಗ್ಗಿ ಆ ಎರಡು ಪದದ ಕೆಳಗೆ ಬೆರಳಿಟ್ಟಳು.

"ತಪ್ಪಾಗಿಲ್ಲಮ್ಮ. ಇಷ್ಟು ವರ್ಷದಲ್ಲಿ ಅವರು ಸರಿಯಾಗಿ ಬರೆದಿದ್ದು ಇದೊಂದೇ. ಹಾಗೇ ಬರ್ಕೊಳ್ಳಿ."

ಗುಮಾಸ್ತೆ ಅವಳ ಮುಖವನ್ನೂ, ಬಾಗಿಲ ತುಂಬ ನಿಂತಿದ್ದ ದಿಬ್ಬಣದವರನ್ನೂ ಒಮ್ಮೆ ನೋಡಿದಳು. ಆಮೇಲೆ ದುಂಡಗಿನ ಅಕ್ಷರದಲ್ಲಿ, ನಿಧಾನವಾಗಿ, ಹಾಗೆಯೇ ಬರೆದುಕೊಂಡಳು, ಮತ್ತು ಗಿಣಿಯ ಕೈಗೆ ಲೇಖನಿ ಕೊಟ್ಟಳು.